ಬಾವಿಯಲ್ಲಿ ಈಜು ಕಲಿತ ಮಕ್ಕಳಿಗೆ ಫ್ರೀಸ್ಟೈಲ್ ಹೇಗೆ ಕಲಿಸಲಿ?

ಕೇಳಿದವರು: ಕಲಬುರಗಿಯಲ್ಲಿ ಬೇಸಿಗೆ ಶಿಬಿರದ ಮಕ್ಕಳಿಗೆ ಫ್ರೀಸ್ಟೈಲ್ (ಬೋರಲಾಗಿ ಮಲಗಿ ಒಂದಾದ ಮೇಲೊಂದು ಕೈ ಬೀಸುವ ಈಜು) ಹೇಳಿಕೊಡುತ್ತಿದ್ದೇನೆ. ಎಲ್ಲರೂ 8ರಿಂದ 12 ವರ್ಷದವರು. ಕೆಲವರು ಊರ ಬಾವಿಯಲ್ಲಿ ಕಲಿತು ಬಂದಿದ್ದಾರೆ. ನೀರಿನ ಹೆದರಿಕೆ ಇಲ್ಲ, ಆದರೆ ತಲೆ ಎತ್ತಿಕೊಂಡೇ ಈಜುತ್ತಾರೆ. ತಿದ್ದಿದರೆ ಸ್ವಲ್ಪ ಹೊತ್ತು ಸರಿ, ರೇಸ್ ಅಂದ ಕೂಡಲೇ ಮತ್ತೆ ಹಳೇ ಚಾಳಿ. ಅನುಭವ ಇದ್ದವರು ಹೇಳಿ.

ಕಲಬುರಗಿಯ ಕೋಚ್: ಸರ್, ಅವರನ್ನು ಬೈಯಬೇಡಿ. ಬಾವಿಯಲ್ಲಿ ತಲೆ ಎತ್ತೋದೇ ಸರಿ. ಮೇಲಿಂದ ಯಾರು ಜಿಗಿಯುತ್ತಾರೆ ಅಂತ ನೋಡ್ಕೋಬೇಕಲ್ವಾ? ಈಜುಕೊಳದಲ್ಲಿ ಮಾತ್ರ ಅದು ಅಡ್ಡ ಬರುತ್ತದೆ. ತಲೆ ಮೇಲಾದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಆಗ ಎಷ್ಟು ಒದ್ದರೂ ಮುಂದೆ ಸಾಗೋದು ಕಡಿಮೆ.

'ತಲೆ ಕೆಳಗೆ' ಅಂತ ದಂಡೆಯಿಂದ ಕೂಗಿ ಉಪಯೋಗವಿಲ್ಲ. ತೊಂದರೆ ಇರೋದು ಉಸಿರಿನಲ್ಲಿ. ಮಕ್ಕಳು ನೀರೊಳಗೆ ಉಸಿರು ಬಿಗಿ ಹಿಡಿಯುತ್ತಾರೆ. ಮೇಲೆ ಬಂದಾಗ ಬಿಡೋದೂ ಎಳೆಯೋದೂ ಒಟ್ಟಿಗೇ ಆಗಬೇಕು, ಅಷ್ಟು ಸಮಯ ಸಿಗುವುದಿಲ್ಲ. ಅದಕ್ಕೇ ತಲೆ ಪೂರ್ತಿ ಎತ್ತುತ್ತಾರೆ. ಮೊದಲು ದಂಡೆ ಹಿಡಿದು ನಿಂತು, ಮುಖ ಮುಳುಗಿಸಿ ಗುಳ್ಳೆ ಬಿಡಲಿ. ಆಮೇಲೆ ಮುಖ ಪಕ್ಕಕ್ಕೆ ಹೊರಳಿಸಿ ಉಸಿರು ಎಳೆಯಲಿ. ಒಂದು ಕಿವಿ ನೀರಲ್ಲೇ ಇರಬೇಕು. ಮಕ್ಕಳಿಗೆ ಇದು ಬೇಜಾರು, ನಿಜ. ಆದರೂ ದಿನಾ ಶುರುವಿಗೆ ಸ್ವಲ್ಪ ಮಾಡಿಸಿ.

ಇನ್ನೊಂದು, 25 ಮೀಟರ್ ಪೂರ್ತಿ ಈಜಿಸಲೇಬೇಕು ಅಂತಿಲ್ಲ. ಕಡಿಮೆ ನೀರಿನ ಕಡೆ ಅಡ್ಡಲಾಗಿ ಈಜಿಸಿ. ಕೈಕಾಲು ಅಡ್ಡಾದಿಡ್ಡಿ ಆಗತೊಡಗಿದರೆ ಅಲ್ಲಿಗೇ ನಿಲ್ಲಿಸಿ, ಸುಧಾರಿಸಿಕೊಳ್ಳಲಿ. ದಣಿದು ಒದ್ದಾಡುತ್ತಾ ಈಜಿದ್ದೂ ಅಭ್ಯಾಸವಾಗಿಯೇ ಕೂರುತ್ತದೆ.

ಬೀದರ್‌ನಿಂದ ಒಬ್ಬ ತಾಯಿ: ಒಂದು ಸಲಕ್ಕೆ ಒಂದೇ ಮಾತು ಹೇಳಿ ಸರ್. ನನ್ನ ಮಗಳ ಹಿಂದಿನ ಕೋಚ್ ಒಂದೇ ಉಸಿರಿಗೆ ಕೈ, ಕಾಲು, ತಲೆ, ಸೊಂಟ ಎಲ್ಲಾ ಹೇಳುತ್ತಿದ್ದರು. ಅವಳು ಸುಮ್ನೆ ತಲೆ ಆಡಿಸಿ ಮೊದಲಿನ ಹಾಗೇ ಈಜುತ್ತಿದ್ದಳು. ಹೊಸ ಕೋಚ್ ವಾರವೆಲ್ಲಾ 'ತಳ ನೋಡು' ಅಂದರು, ಅಷ್ಟೇ. ಮತ್ತೆ, 'ಜೋರಾಗಿ, ಜೋರಾಗಿ' ಅಂತ ಕೂಗುವ ಅಪ್ಪಂದಿರನ್ನು ಗ್ಯಾಲರಿಯಲ್ಲೇ ಕೂರಿಸಿ!

ಯಾದಗಿರಿಯ ಪಿಇ ಮೇಷ್ಟ್ರು: ರೇಸ್ ಪೂರ್ತಿ ಬಿಡಿಸಬೇಡ್ರಿ, ಮಕ್ಕಳು ಬರೋದೇ ಅದಕ್ಕೆ. ಲೆಕ್ಕ ಬದಲಿಸಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೈ ಎಷ್ಟು ಸಲ ಬೀಸಿದ, ಎಷ್ಟು ಸೆಕೆಂಡ್ ಹಿಡಿಯಿತು, ಎರಡನ್ನೂ ಕೂಡಿಸಿ. ಮೊತ್ತ ಕಡಿಮೆ ಬಂದವನೇ ಗೆದ್ದ. 20 ಸಲ ಕೈ, 30 ಸೆಕೆಂಡ್ ಅಂದರೆ 50. ಬರೀ ಕೈ ಎಣಿಸಿದರೆ ಜಾಣರು ತೇಲಿಕೊಂಡೇ ಕಾಲ ಕಳೆಯುತ್ತಾರೆ.

ಮುಂದೆ ಎರಡೂ ಕೈ ಒಟ್ಟಿಗೇ ಆಡಿಸುವ ಬ್ರೆಸ್ಟ್‌ಸ್ಟ್ರೋಕ್, ಬಟರ್‌ಫ್ಲೈ ಈಜು ಶುರು ಮಾಡಿದರೆ, ಮೊದಲ ದಿನದಿಂದಲೇ ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೇ ಮುಟ್ಟಿಸಿ. ಸ್ಪರ್ಧೆಯಲ್ಲಿ ಒಂದೇ ಕೈ ಮುಟ್ಟಿದರೆ ಡಿಸ್‌ಕ್ವಾಲಿಫೈ. ಮತ್ತೆ, ಮೇ ತಿಂಗಳಲ್ಲಿ ವಿವರಣೆಯೆಲ್ಲಾ ನೆರಳಲ್ಲೇ ಮುಗಿಸ್ರಿ. ನಮ್ಮ ಕಡೆ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತ ಮಗು ಏನು ಕೇಳಿಸಿಕೊಳ್ಳುತ್ತೆ?

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕಿಕ್ ಬೋರ್ಡ್ (ಕಾಲು ಒದೆಯೋದನ್ನು ಕಲಿಯಲು ಹಿಡಿಯುವ ತೇಲುವ ಹಲಗೆ) ಹಿಡಿದಾಗ ಇನ್ನೂ ಜಾಸ್ತಿ ತಲೆ ಎತ್ತುತ್ತಾರೆ. ಬೋರ್ಡ್ ಬಿಡಿಸಲಾ?

ಕಲಬುರಗಿಯ ಕೋಚ್: ಬೇಡ ಸರ್. ಬೋರ್ಡಿನ ಹಿಂದಿನ ಅಂಚು ಹಿಡಿದು, ಕೈ ಚಾಚಿ, ಮುಖ ನೀರಲ್ಲಿಟ್ಟು ಒದೆಯಲಿ. ಅದಕ್ಕೂ ತಲೆ ಎತ್ತುವವರು ಕೆಲವು ದಿನ ಬೆನ್ನ ಮೇಲೆ ಮಲಗಿ ಒದೆಯಲಿ. ಅಲ್ಲಿ ಉಸಿರಿನ ಗೋಜಿಲ್ಲ, ಸೊಂಟ ಮೇಲಿಡೋದು ಬೇಗ ಬರುತ್ತದೆ. ಮೊಣಕಾಲು ನೀರಿಂದ ಹೊರಗೆ ಬರದ ಹಾಗೆ ನೋಡಿಕೊಳ್ಳಿ.