ಡ್ರೈವರ್ ತೆಗೆಯುವಾಗ ಕ್ಲೀನಪ್ ಹಂತವೇ ಫೇಲ್ ಆದರೆ ಮುಂದೇನು?

ರಿಂಗ್‌ಬಫರ್ (ಪ್ರಶ್ನೆ)

ಲಿನಕ್ಸ್ ಪ್ಲಾಟ್‌ಫಾರ್ಮ್ ಡ್ರೈವರ್ (ಚಿಪ್‌ನೊಳಗಿನ ಡಿವೈಸ್ ನಡೆಸುವ ಕರ್ನಲ್ ಕೋಡ್) ಒಂದನ್ನು ಕರ್ನಲ್ 5.15ರಿಂದ 6.12ಕ್ಕೆ ತರುವ ಕೆಲಸ. ಡಿವೈಸ್ ಒಂದು ಡೇಟಾ ಕ್ಯಾಪ್ಚರ್ ಬ್ಲಾಕ್: ಅದರೊಳಗೇ ಡಿಎಂಎ ಎಂಜಿನ್ (ಸಿಪಿಯು ನೆರವಿಲ್ಲದೆ ಮೆಮೊರಿಗೆ ನೇರವಾಗಿ ಬರೆಯುವ ಭಾಗ), ಒಂದು ಇಂಟರಪ್ಟ್ ಲೈನ್, ಎರಡು ಕ್ಲಾಕ್, ಒಂದು ರೀಸೆಟ್ ಲೈನ್. ಯೂಸರ್ ಕಡೆಗೆ ಮಿಸ್ಕ್ ಡಿವೈಸ್ ಆಗಿ, ಅಂದರೆ ತೆರೆದು ಓದಬಹುದಾದ ಒಂದು ಡಿವೈಸ್ ಫೈಲ್ ಆಗಿ ಕಾಣುತ್ತದೆ.

ಹಳೆಯ ರಿಮೂವ್ ಫಂಕ್ಷನ್ (ಡಿವೈಸ್‌ನಿಂದ ಡ್ರೈವರ್ ತೆಗೆಯುವಾಗ ಕರ್ನಲ್ ಕರೆಯುವುದು) ಹೀಗಿದೆ. ಮೊದಲು ಪಿಎಂ_ರನ್‌ಟೈಮ್_ಗೆಟ್_ಸಿಂಕ್ (ಸಸ್ಪೆಂಡ್ ಆಗಿರುವ ಡಿವೈಸನ್ನು ಎಬ್ಬಿಸುವ, ಅಂದರೆ ರಿಸ್ಯೂಮ್ ಮಾಡುವ ಕರೆ), ಸೊನ್ನೆಗಿಂತ ಕಡಿಮೆ ಬಂದರೆ ಆ ಎರರನ್ನೇ ರಿಟರ್ನ್ ಮಾಡುತ್ತದೆ. ನಂತರ ಸ್ಟಾಪ್ ಬಿಟ್ ಬರೆದು ಐಡಲ್ ಬಿಟ್‌ಗೆ ಕಾಯುತ್ತದೆ. ಟೈಮ್‌ಔಟ್ ಆದರೆ ಅಲ್ಲೂ ರಿಟರ್ನ್. ಇವೆರಡನ್ನೂ ದಾಟಿದರೆ ಮಾತ್ರ ಮಿಸ್ಕ್_ಡಿರಿಜಿಸ್ಟರ್, ಕ್ಯಾನ್ಸಲ್_ವರ್ಕ್_ಸಿಂಕ್ (ಬಾಕಿ ಇರುವ ಹಿನ್ನೆಲೆ ಕೆಲಸದ ರದ್ದತಿ), ಕ್ಲಾಕ್ ಆಫ್. ಪ್ರೈವೇಟ್ ಸ್ಟ್ರಕ್ಟ್, ರಿಜಿಸ್ಟರ್ ಮ್ಯಾಪಿಂಗ್, ಐಆರ್‌ಕ್ಯು (ಇಂಟರಪ್ಟ್), ಡಿಎಂಎ ಬಫರ್ ನಾಲ್ಕೂ ಡೆವ್‌ಎಂ (ಡ್ರೈವರ್ ತೆಗೆದಾಗ ಕರ್ನಲ್ ತಾನೇ ಬಿಡುಗಡೆ ಮಾಡುವ ವ್ಯವಸ್ಥೆ) ಮೂಲಕ ಪಡೆದವು.

6.12ರಲ್ಲಿ ರಿಮೂವ್ ವಾಯ್ಡ್ (ಯಾವ ವ್ಯಾಲ್ಯೂ ಕೂಡ ರಿಟರ್ನ್ ಮಾಡದ್ದು) ಆಗಿರುವುದರಿಂದ ಕಂಪೈಲ್ ಆಗಲಿಲ್ಲ. ಎರರ್ ಬಿಟ್ಟು ಬರೀ ರಿಟರ್ನ್ ಇಟ್ಟರೆ ಕಂಪೈಲ್ ಆಗುತ್ತದೆ. ಆದರೆ ರಿಸ್ಯೂಮ್ ಫೇಲ್ ಆಗುವಂತೆ ಮಾಡಿ ಸಿಸ್‌ಎಫ್‌ಎಸ್‌ನಿಂದ (ಕರ್ನಲ್‌ನ ನಿಯಂತ್ರಣ ಫೈಲ್‌ಗಳಿಂದ) ಅನ್‌ಬೈಂಡ್ ಮಾಡಿ ಡಿವೈಸ್-ಡ್ರೈವರ್ ನಂಟು ಬಿಡಿಸಿದರೆ ಡಿವೈಸ್ ನೋಡ್ ಹಾಗೇ ಉಳಿಯುತ್ತದೆ, ಅದನ್ನು ಓದಿದ ತಕ್ಷಣ ಕೆಸಾನ್ (ಕರ್ನಲ್‌ನ ಮೆಮೊರಿ ದೋಷ ಪತ್ತೆ ಸಾಧನ) ಯೂಸ್-ಆಫ್ಟರ್-ಫ್ರೀ, ಅಂದರೆ ಫ್ರೀ ಆದ ಮೆಮೊರಿಯ ಬಳಕೆ ಎಂದು ರಿಪೋರ್ಟ್ ಕೊಡುತ್ತದೆ. ಎಂಜಿನ್ ನಿಲ್ಲದಿದ್ದಾಗ ಇಬ್ಯುಸಿ (‘ಬ್ಯುಸಿ’ ಎಂಬ ಎರರ್) ಕೊಟ್ಟು ಅನ್‌ಬೈಂಡ್ ತಡೆಯುವ ದಾರಿ ಏನಾದರೂ ಇದೆಯೇ?

ಬಿಟ್‌ಮಾಸ್ಕ್

ತಡೆಯುವ ದಾರಿ ಇಲ್ಲ, 5.15ರಲ್ಲೂ ಇರಲಿಲ್ಲ. ಆಗ ನೀವು ಕೊಟ್ಟ ಎರರ್ ನೋಡಿ ಪ್ಲಾಟ್‌ಫಾರ್ಮ್ ಕೋಡ್ ‘ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ’ ಎಂಬ ಅರ್ಥದ ಒಂದು ವಾರ್ನಿಂಗ್ ಹಾಕಿ ಮುಂದೆ ಹೋಗುತ್ತಿತ್ತು, ಅಷ್ಟೇ. ಅನ್‌ಬೈಂಡ್ ಫೈಲ್‌ಗೆ ಬರೆದವರಿಗೂ ಯಶಸ್ವಿ ಎಂದೇ ಉತ್ತರ ಹೋಗುತ್ತಿತ್ತು. ಜನ ಆ ರಿಟರ್ನ್ ವ್ಯಾಲ್ಯೂ ನಂಬಿ ಇಂಥದ್ದೇ ಕೋಡ್ ಬರೆಯುತ್ತಿದ್ದರು ಎಂದೇ ಅದನ್ನು ತೆಗೆದದ್ದು: ಎಸ್‌ಪಿಐನಲ್ಲಿ 5.18, ಐ2ಸಿಯಲ್ಲಿ 6.1, ಪ್ಲಾಟ್‌ಫಾರ್ಮ್‌ನಲ್ಲಿ 6.11 (ನಡುವೆ 6.3ರಿಂದ ರಿಮೂವ್_ನ್ಯೂ ಎಂಬ ತಾತ್ಕಾಲಿಕ ಹೆಸರಿತ್ತು). ಪಿಸಿಐ ರಿಮೂವ್ ಮೊದಲಿನಿಂದಲೂ ವಾಯ್ಡ್.

ನಿಮ್ಮ ಕೆಸಾನ್ ರಿಪೋರ್ಟ್‌ಗೆ ಕಾರಣ ಇದು: ರಿಮೂವ್‌ನಿಂದ ನೀವು ಯಾವ ಸಾಲಿನಲ್ಲಿ ಹೊರಬಂದರೂ ಡ್ರೈವರ್ ಕೋರ್ ಮುಂದೆ ಡೆವ್‌ಎಂ ಪಟ್ಟಿಯಲ್ಲಿರುವ ಎಲ್ಲವನ್ನೂ ಬಿಡುಗಡೆ ಮಾಡುತ್ತದೆ. ಮ್ಯಾಪಿಂಗ್ ಹೋಯಿತು, ಸ್ಟ್ರಕ್ಟ್ ಹೋಯಿತು, ಬಫರ್ ಹೋಯಿತು. ಆದರೆ ಮಿಸ್ಕ್ ಡಿವೈಸ್ ಇನ್ನೂ ರಿಜಿಸ್ಟರ್ ಆಗಿಯೇ ಇದೆ, ಅದರ ಪಾಯಿಂಟರ್ ಫ್ರೀ ಆದ ಮೆಮೊರಿ ಕಡೆಗೆ. ಅನ್‌ಬೈಂಡ್ ಆದ ಡಿವೈಸ್‌ಗೆ ಮತ್ತೊಮ್ಮೆ ರಿಮೂವ್ ಕರೆ ಬರುವುದೂ ಇಲ್ಲ. ಉಳಿದದ್ದು ರೀಬೂಟ್ ತನಕ ಹಾಗೇ.

ಆದ್ದರಿಂದ ರಿಮೂವ್ ಒಳಗಿನ ಪ್ರತಿ ಎರರ್‌ಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಫೇಲ್ ಆದ ಮೇಲೆ ಕೆಳಗಿನ ಯಾವ ಸಾಲುಗಳನ್ನು ಮುಟ್ಟಬಾರದು? ಉಳಿದವೆಲ್ಲ ನಡೆಯಲೇಬೇಕು.

ರಿಸ್ಯೂಮ್ ಫೇಲ್ ಆದರೆ ಕ್ಲಾಕ್ ಇಲ್ಲ ಎಂದರ್ಥ. ರಿಜಿಸ್ಟರ್ ಮುಟ್ಟಬೇಡಿ; ಎಷ್ಟೋ ಆರ್ಮ್ ಚಿಪ್‌ಗಳಲ್ಲಿ ಬಸ್ ಎರರ್ ಬರುತ್ತದೆ, ಕೆಲವು ಸದ್ದಿಲ್ಲದೆ ಹ್ಯಾಂಗ್ ಆಗುತ್ತವೆ. ಕ್ಲಾಕ್ ಡಿಸೇಬಲ್ ಕೂಡ ಮಾಡಬೇಡಿ, ಆಗಲೇ ಆಫ್ ಆಗಿರುವುದನ್ನು ಮತ್ತೆ ಆಫ್ ಮಾಡಿದರೆ ಕ್ಲಾಕ್ ಕೋರ್ ‘ಆಲ್ರೆಡಿ ಡಿಸೇಬಲ್ಡ್’ ಎಂದು ಸ್ಟ್ಯಾಕ್ ಟ್ರೇಸ್ ಸಮೇತ ವಾರ್ನಿಂಗ್ ಹಾಕುತ್ತದೆ. ಮಿಸ್ಕ್_ಡಿರಿಜಿಸ್ಟರ್, ವರ್ಕ್ ಕ್ಯಾನ್ಸಲ್ ಇವೆಲ್ಲ ಸಾಫ್ಟ್‌ವೇರ್ ಕೆಲಸ, ಮಾಮೂಲಿನಂತೆ ನಡೆಯಲಿ. ಸಮಾಧಾನದ ವಿಷಯ ಏನೆಂದರೆ, ಕ್ಯಾಪ್ಚರ್ ನಡೆಯುತ್ತಿದ್ದರೆ ಡಿವೈಸ್ ಆನ್ ಇದ್ದೇ ಇರುತ್ತದೆ, ಆಗ ಗೆಟ್_ಸಿಂಕ್ 1 ಕೊಡುತ್ತದೆ. ಅದು ಫೇಲ್ ಆಯಿತೆಂದರೆ ಡಿವೈಸ್ ಸಸ್ಪೆಂಡ್ ಆಗಿತ್ತು ಎಂದು, ಅಂದರೆ ಡಿಎಂಎ ಮೊದಲೇ ನಿಂತಿತ್ತು.

ಲೆಕ್ಕ ತಪ್ಪುವ ಜಾಗ ಇನ್ನೊಂದಿದೆ: ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಫೇಲ್ ಆದರೂ ಯೂಸೇಜ್ ಕೌಂಟ್ ಏರಿರುತ್ತದೆ. ಪಿಎಂ_ರನ್‌ಟೈಮ್_ರಿಸ್ಯೂಮ್_ಅಂಡ್_ಗೆಟ್ ಹಾಗಲ್ಲ, ಫೇಲ್ ಆದರೆ ತಾನೇ ಇಳಿಸುತ್ತದೆ. ರಿಮೂವ್‌ನಲ್ಲಿ ನನ್ನ ಆಯ್ಕೆ ಗೆಟ್_ಸಿಂಕ್‌ಗೇ, ಏಕೆಂದರೆ ಗೆದ್ದರೂ ಸೋತರೂ ಕೌಂಟ್ ಇಳಿಸಲು ಕೊನೆಯಲ್ಲಿ ಒಂದೇ ಪುಟ್_ನೋಐಡಲ್ ಸಾಕು.

ಕೊನೆಗೆ ಪಿಎಂ_ರನ್‌ಟೈಮ್_ಪುಟ್_ಸಿಂಕ್ ಕರೆದರೆ ಕ್ಲಾಕ್ ಆಫ್ ಆಗಿಯೇ ಆಗುತ್ತದೆ ಎಂದುಕೊಳ್ಳಬೇಡಿ. ಆಟೋಸಸ್ಪೆಂಡ್ (ಕೆಲಹೊತ್ತು ಬಳಕೆ ಇಲ್ಲದಿದ್ದರೆ ತಾನೇ ಸಸ್ಪೆಂಡ್ ಆಗುವುದು) ಬಳಸುತ್ತಿದ್ದರೆ ಅದು ಬರೀ ಟೈಮರ್ ಹಚ್ಚುತ್ತದೆ, ನಂತರದ ಪಿಎಂ_ರನ್‌ಟೈಮ್_ಡಿಸೇಬಲ್ ಆ ಟೈಮರನ್ನೇ ರದ್ದು ಮಾಡುತ್ತದೆ. ಯಾರಾದರೂ ಪವರ್ ಕಂಟ್ರೋಲ್ ಫೈಲ್‌ಗೆ ‘ಆನ್’ ಎಂದು ಬರೆದಿದ್ದರೂ ಸಸ್ಪೆಂಡ್ ಆಗದು. ಗಟ್ಟಿ ದಾರಿ: ಮೊದಲು ಡಿಸೇಬಲ್, ಆಮೇಲೆ ಪಿಎಂ_ರನ್‌ಟೈಮ್_ಸ್ಟೇಟಸ್_ಸಸ್ಪೆಂಡೆಡ್ ನೋಡಿ, ಸಸ್ಪೆಂಡ್ ಆಗಿಲ್ಲದಿದ್ದರೆ ನಿಮ್ಮದೇ ಸಸ್ಪೆಂಡ್ ಫಂಕ್ಷನ್ ನೇರವಾಗಿ ಕರೆದು ಪಿಎಂ_ರನ್‌ಟೈಮ್_ಸೆಟ್_ಸಸ್ಪೆಂಡೆಡ್, ಕಡೆಗೆ ಪುಟ್_ನೋಐಡಲ್.

ಕೆರೆಫ್_ಕಾವಲು

ಮೇಲಿನದ್ದಕ್ಕೆ ಒಂದು ತಿದ್ದುಪಡಿ ಸೇರಿಸಬೇಕು: ಮಿಸ್ಕ್_ಡಿರಿಜಿಸ್ಟರನ್ನು ಎಲ್ಲಕ್ಕಿಂತ ಮೊದಲ ಸಾಲಿಗೆ ತನ್ನಿ. ಹಾರ್ಡ್‌ವೇರ್ ನಿಲ್ಲಿಸಿದ ಮೇಲೆ ಬಾಗಿಲು ಮುಚ್ಚಿದರೆ ನಡುವೆ ಯಾರೋ ಓಪನ್ ಮಾಡಿ ಕ್ಯಾಪ್ಚರ್ ಮತ್ತೆ ಶುರು ಮಾಡಬಹುದು.

ಅದೂ ಅರ್ಧ ಕೆಲಸವೇ. ಡಿರಿಜಿಸ್ಟರ್ ಹೊಸ ಓಪನ್‌ಗಳನ್ನು ಮಾತ್ರ ತಡೆಯುತ್ತದೆ. ಆಗಲೇ ತೆರೆದ ಫೈಲ್ ಡಿಸ್ಕ್ರಿಪ್ಟರ್‌ಗಳು ಜೀವಂತ. ಫೈಲ್ ಆಪರೇಷನ್ಸ್‌ನ ಓನರ್ ಫೀಲ್ಡ್ ಆರ್‌ಎಂಮಾಡ್ (ಮಾಡ್ಯೂಲನ್ನೇ ತೆಗೆಯುವುದು) ಆಗದಂತೆ ನೋಡಿಕೊಳ್ಳುತ್ತದೆ, ಅನ್‌ಬೈಂಡ್ ಆಗದಂತೆ ಅಲ್ಲ. ಹಾಗಾಗಿ ಪ್ರೈವೇಟ್ ಸ್ಟ್ರಕ್ಟ್ ಡೆವ್‌ಎಂನಲ್ಲಿ ಇರಲೇಬಾರದು. ಕೆಝಡ್‌ಅಲಾಕ್ (ಸಾದಾ ಮೆಮೊರಿ ಪಡೆಯುವ ಕರೆ) ಮತ್ತು ಕೆರೆಫ್ (ಬಳಸುತ್ತಿರುವವರ ಎಣಿಕೆ) ಇಡಿ: ಪ್ರೋಬ್‌ಗೆ (ಡಿವೈಸ್‌ಗೆ ಡ್ರೈವರ್ ಸೇರುವಾಗ ನಡೆಯುವ ಫಂಕ್ಷನ್) ಒಂದು ರೆಫರೆನ್ಸ್, ಪ್ರತಿ ಓಪನ್‌ಗೆ ಒಂದು. ರಿಮೂವ್‌ನಲ್ಲಿ ಮ್ಯೂಟೆಕ್ಸ್ (ಒಮ್ಮೆಗೆ ಒಬ್ಬರಿಗೇ ಸಿಗುವ ಲಾಕ್) ಹಿಡಿದು ‘ಡಿವೈಸ್ ಹೋಗಿದೆ’ ಎಂಬ ಫ್ಲ್ಯಾಗ್ ಏರಿಸಿ, ಬಿಟ್ಟು, ವೇಟ್ ಕ್ಯೂನಲ್ಲಿ ಮಲಗಿರುವವರನ್ನೆಲ್ಲ ಎಬ್ಬಿಸಿ. ರೀಡ್, ಐಆಕ್ಟಲ್ ಎಲ್ಲವೂ ಅದೇ ಮ್ಯೂಟೆಕ್ಸ್ ಅಡಿ ಫ್ಲ್ಯಾಗ್ ನೋಡಿ ಇನೋಡೆವ್ (‘ಡಿವೈಸ್ ಇಲ್ಲ’ ಎಂಬ ಎರರ್) ಕೊಡಲಿ. ಮಲಗಿದ್ದವರು ಎದ್ದ ಮೇಲೂ ಫ್ಲ್ಯಾಗನ್ನು ಮತ್ತೆ ನೋಡಬೇಕು. ಬಹಳ ಡ್ರೈವರ್‌ಗಳಲ್ಲಿ ಇದೊಂದೇ ಬಿಟ್ಟುಹೋಗಿರುತ್ತದೆ.

ಇಂಟರಪ್ಟ್ ಮತ್ತು ವರ್ಕ್ ನಡುವಿನ ಕ್ರಮವನ್ನೂ ನೋಡಿ. ನಿಮ್ಮ ಐಆರ್‌ಕ್ಯು ಡೆವ್‌ಎಂ, ವರ್ಕ್ ಕ್ಯಾನ್ಸಲ್ ರಿಮೂವ್ ಒಳಗೆ. ಅಂದರೆ ವರ್ಕ್ ರದ್ದಾದ ಮೇಲೂ ಹ್ಯಾಂಡ್ಲರ್ ಬದುಕಿದೆ, ಒಂದು ಇಂಟರಪ್ಟ್ ಬಂದರೆ ವರ್ಕ್ ಮತ್ತೆ ಕ್ಯೂ ಸೇರುತ್ತದೆ, ಅದು ಓಡುವ ಹೊತ್ತಿಗೆ ಸ್ಟ್ರಕ್ಟ್ ಇರುವುದಿಲ್ಲ. ಡಿವೈಸ್ ಒಳಗೇ ಇಂಟರಪ್ಟ್ ಮಾಸ್ಕ್ ಮಾಡಿ, ಡೆವ್‌ಎಂ_ಫ್ರೀ_ಐಆರ್‌ಕ್ಯು ಕರೆಯಿರಿ (ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವ ತನಕ ಅದು ಕಾಯುತ್ತದೆ), ಆಮೇಲೆ ಕ್ಯಾನ್ಸಲ್_ವರ್ಕ್_ಸಿಂಕ್. ವರ್ಕ್ ಹಿಡಿಯುವ ಮ್ಯೂಟೆಕ್ಸನ್ನೇ ಹಿಡಿದು ಕ್ಯಾನ್ಸಲ್ ಕರೆದರೆ ಡೆಡ್‌ಲಾಕ್. ಲೈನ್ ಶೇರ್ಡ್ ಆಗಿದ್ದರೆ ಡಿಸೇಬಲ್_ಐಆರ್‌ಕ್ಯು ಬೇಡ, ಪಕ್ಕದ ಡಿವೈಸ್‌ನ ಇಂಟರಪ್ಟ್ ಕೂಡ ನಿಲ್ಲುತ್ತದೆ.

ಐಆರ್‌ಕ್ಯು, ವರ್ಕ್ ಎರಡನ್ನೂ ಡೆವ್‌ಎಂಗೆ ಹಾಕುವವರಿದ್ದರೆ ಅದೂ ಸರಿಯೇ. ಬಿಡುಗಡೆ ತಿರುಗುಮುರುಗು ಕ್ರಮದಲ್ಲಿ ಆಗುವುದರಿಂದ ಪ್ರೋಬ್‌ನಲ್ಲಿ ಡೆವ್‌ಎಂ_ವರ್ಕ್_ಆಟೋಕ್ಯಾನ್ಸಲ್ ಮೊದಲು, ಐಆರ್‌ಕ್ಯು ಕೇಳುವುದು ನಂತರ. ಅರ್ಧ ಡೆವ್‌ಎಂ ಅರ್ಧ ಕೈಯಾರೆ ಎಂಬ ಬೆರಕೆಯೇ ಅಪಾಯ.

ರಿಂಗ್‌ಬಫರ್

ಇಬ್ಬರಿಗೂ ಧನ್ಯವಾದ. ಮೊದಲ ಭಾಗ ಸ್ಪಷ್ಟವಾಯಿತು. ಎರಡನೆಯದು ಉಳಿದಿದೆ: ರಿಸ್ಯೂಮ್ ಸರಿಯಾಯಿತು, ಸ್ಟಾಪ್ ಬಿಟ್ ಬರೆದಾಯಿತು, 100 ಮಿಲಿಸೆಕೆಂಡ್ ಕಾದರೂ ಐಡಲ್ ಬರಲಿಲ್ಲ. ರೀಡ್‌ಎಲ್_ಪೋಲ್_ಟೈಮ್‌ಔಟ್ ಇಟೈಮ್ಡ್‌ಔಟ್ ಕೊಟ್ಟಿತು. ಲಾಗ್ ಮಾಡಿ ಮುಂದೆ ಹೋಗುವುದೇ?

ಬಸ್‌ಮಾಸ್ಟರ್

ಇದೊಂದು ಕಡೆ ‘ಲಾಗ್ ಮಾಡಿ ಮುಂದೆ ಹೋಗು’ ಎಂಬುದು ತಪ್ಪು. ರೆಗ್ಯುಲೇಟರ್_ಡಿಸೇಬಲ್ ಫೇಲ್ ಆದರೆ ಒಂದಿಷ್ಟು ಕರೆಂಟ್ ಪೋಲಾದೀತು, ಅಷ್ಟೇ. ಇಲ್ಲಿ ಬಫರ್ ಫ್ರೀ ಆಗಿ, ಆ ಪೇಜುಗಳು ಬೇರೆ ಯಾರಿಗೋ ಸಿಕ್ಕಿ, ಎಂಜಿನ್ ಅವುಗಳ ಮೇಲೆ ಇನ್ನೂ ಬರೆಯುತ್ತಿರುತ್ತದೆ. ಕೆಸಾನ್‌ಗೂ ಇದು ಕಾಣದು, ಏಕೆಂದರೆ ಬರೆಯುತ್ತಿರುವುದು ಸಿಪಿಯು ಅಲ್ಲ. ಗಂಟೆಗಳ ನಂತರ ಸಂಬಂಧವೇ ಇಲ್ಲದ ಜಾಗದಲ್ಲಿ ಕ್ರ್ಯಾಶ್ ಆಗುತ್ತದೆ.

ಮುಂದಿನ ಹೆಜ್ಜೆ ರೀಸೆಟ್. ನಿಮಗೆ ಲೈನ್ ಇದೆ, ರೀಸೆಟ್_ಕಂಟ್ರೋಲ್_ಅಸರ್ಟ್ ಮಾಡಿ. ಆದರೆ ಮೊದಲೇ ಅಲ್ಲ, ಸ್ಟಾಪ್ ಕೊಟ್ಟು ಕಾದ ಮೇಲೆ; ಬಸ್ ವ್ಯವಹಾರದ ನಡುವೆ ರೀಸೆಟ್ ಕೊಟ್ಟರೆ ಕೆಲವು ಚಿಪ್‌ಗಳಲ್ಲಿ ಇಂಟರ್‌ಕನೆಕ್ಟೇ ಸಿಕ್ಕಿಹಾಕಿಕೊಳ್ಳುತ್ತದೆ. ಅದರ ರಿಟರ್ನ್ ನೋಡಿ. ರೀಸೆಟ್ಟನ್ನು ಶೇರ್ಡ್ ಆಗಿ ಪಡೆದಿದ್ದರೆ 0 ಬಂದರೂ ನಂಬಬೇಡಿ: ಲೈನನ್ನು ಇನ್ನೊಬ್ಬರು ಹಿಡಿದಿದ್ದರೆ ಕೌಂಟ್ ಮಾತ್ರ ಇಳಿದಿರುತ್ತದೆ, ರೀಸೆಟ್ ಆಗಿರುವುದಿಲ್ಲ. ಈ ಡ್ರೈವರ್‌ಗೆ ಎಕ್ಸ್‌ಕ್ಲೂಸಿವ್ ಆಗಿಯೇ ಪಡೆಯಿರಿ. ಪಿಸಿಐ ಡಿವೈಸ್ ಆಗಿದ್ದರೆ ಪಿಸಿಐ_ಕ್ಲಿಯರ್_ಮಾಸ್ಟರ್ ಈ ಕೆಲಸ ಮಾಡುತ್ತಿತ್ತು.

ರೀಸೆಟ್ ಕೂಡ ಆಗಲಿಲ್ಲವೆಂದರೆ ಬಫರನ್ನು ಬೇಕೆಂದೇ ಬಿಟ್ಟುಬಿಡಿ. ಹೌದು, ಲೀಕ್. 4 ಎಂಬಿ ಕಳೆದುಕೊಂಡ ಯಂತ್ರ ಓಡುತ್ತದೆ, ಮೆಮೊರಿ ಕೆಟ್ಟ ಯಂತ್ರವನ್ನು ನಂಬುವಂತಿಲ್ಲ. ತೊಡಕು ಏನೆಂದರೆ ನಿಮ್ಮ ಬಫರ್ ಡಿಎಂಎಎಂ_ಅಲಾಕ್_ಕೊಹೆರೆಂಟ್‌ನಿಂದ ಬಂದದ್ದು. ಬಿಡಬೇಕೆಂದರೂ ಡೆವ್‌ಎಂ ಬಿಡುವುದಿಲ್ಲ, ಫ್ರೀ ಮಾಡಿಯೇ ಮಾಡುತ್ತದೆ. ಹಾಗಾಗಿ ಡಿಎಂಎ ಬಫರ್ ಮಾತ್ರ ಸಾದಾ ಡಿಎಂಎ_ಅಲಾಕ್_ಕೊಹೆರೆಂಟ್‌ನಿಂದ ಪಡೆದು, ಎಂಜಿನ್ ನಿಂತಿದೆ ಎಂಬ ಖಾತ್ರಿ ಇದ್ದಾಗಷ್ಟೇ ಕೈಯಾರೆ ಫ್ರೀ ಮಾಡಿ. ಡಿಎಂಎ ಡಿಬಗ್ ಆನ್ ಇದ್ದರೆ ‘ಪೆಂಡಿಂಗ್ ಡಿಎಂಎ ಅಲೊಕೇಷನ್ಸ್’ ಎಂದು ದೂರುತ್ತದೆ. ದೂರಲಿ, ಆ ಸ್ಥಿತಿಯಲ್ಲಿ ಅದು ನಿಜವೇ. ಡೆವ್_ಎರ್ ಸಾಲಿನಲ್ಲಿ ಎರರ್ ನಂಬರ್ ಜೊತೆಗೆ ‘ಎಂಜಿನ್ ನಿಂತಿಲ್ಲ, ಬಫರ್ ಫ್ರೀ ಮಾಡಿಲ್ಲ’ ಎಂದು ಪರಿಣಾಮವನ್ನೂ ಬರೆಯಿರಿ.

ಐಒಎಂಎಂಯು (ಡಿವೈಸ್ ಬಳಸುವ ಮೆಮೊರಿ ವಿಳಾಸಗಳನ್ನು ಅನುವಾದಿಸುವ ಹಾರ್ಡ್‌ವೇರ್) ಇದ್ದರೆ ಅನ್‌ಮ್ಯಾಪ್ ಆದ ವಿಳಾಸಕ್ಕೆ ಬರೆದಾಗ ಫಾಲ್ಟ್ ಬರುತ್ತದೆ, ಮೆಮೊರಿ ಕೆಡುವುದಿಲ್ಲ ಎಂಬ ವಾದ ಕೇಳಿಬರುತ್ತದೆ. ಕೆಲಮಟ್ಟಿಗೆ ಸರಿ, ಆದರೆ ಅದೇ ವಿಳಾಸ ಅದೇ ಡಿವೈಸ್‌ನ ಮುಂದಿನ ಮ್ಯಾಪಿಂಗ್‌ಗೆ ಮತ್ತೆ ಸಿಗಬಹುದು, ಮತ್ತು ಡ್ರೈವರ್ ಐಒಎಂಎಂಯು ಇಲ್ಲದ ಬೋರ್ಡ್‌ನಲ್ಲೂ ಓಡಬೇಕಲ್ಲ.

ಬಿಟ್‌ಮಾಸ್ಕ್

ಇದನ್ನು ಒಪ್ಪುತ್ತೇನೆ. ಪಿಸಿಐ, ಯುಎಸ್‌ಬಿಗೆ ಒಯ್ಯುವವರಿಗೆ ಒಂದು ಮಾತು: ಅಲ್ಲಿ ಡಿವೈಸ್ ಕಿತ್ತ ಮೇಲೆ ರಿಮೂವ್ ಬರಬಹುದು. ಪಿಸಿಐನಲ್ಲಿ ಆಗ ಯಾವ ರಿಜಿಸ್ಟರ್ ಓದಿದರೂ ಸಾಮಾನ್ಯವಾಗಿ ಎಲ್ಲ ಬಿಟ್‌ಗಳೂ 1. ‘ಬ್ಯುಸಿ ಬಿಟ್ ಇಳಿಯುವ ತನಕ ಕಾಯು’ ಎಂಬ ಲೂಪ್‌ಗೆ ಟೈಮ್‌ಔಟ್ ಇಲ್ಲದಿದ್ದರೆ ಅನಂತ, ‘ಐಡಲ್ ಬಿಟ್ ಏರುವ ತನಕ ಕಾಯು’ ಎಂಬುದು ಸುಳ್ಳೇ ಯಶಸ್ವಿ.

ಕೆರೆಫ್_ಕಾವಲು

ಪರೀಕ್ಷೆಗೆ: ಕಾನ್ಫಿಗ್_ಡಿಬಗ್_ಟೆಸ್ಟ್_ಡ್ರೈವರ್_ರಿಮೂವ್ ಆನ್ ಮಾಡಿದರೆ ಕೋರ್ ಪ್ರತಿ ಡ್ರೈವರನ್ನೂ ಪ್ರೋಬ್, ರಿಮೂವ್, ಮತ್ತೆ ಪ್ರೋಬ್ ಮಾಡುತ್ತದೆ. ಅದು ಸುಗಮ ದಾರಿಯನ್ನಷ್ಟೇ ನೋಡುತ್ತದೆ. ಎರರ್ ದಾರಿಗೆ ರಿಸ್ಯೂಮ್ ಮತ್ತು ಸ್ಟಾಪ್ ಎರಡನ್ನೂ ಸುಳ್ಳು ಎರರ್ ಕೊಡುವಂತೆ ಮಾಡುವ ಒಂದು ಮಾಡ್ಯೂಲ್ ಪ್ಯಾರಾಮೀಟರ್ ಇಟ್ಟು, ಒಂದು ಪ್ರೋಸೆಸ್ ರೀಡ್‌ನಲ್ಲಿ ಮಲಗಿರುವಾಗಲೇ ಬೈಂಡ್-ಅನ್‌ಬೈಂಡ್ ಲೂಪ್ ಓಡಿಸಿ. ಕೆಸಾನ್, ಲಾಕ್‌ಡೆಪ್ (ಲಾಕ್ ಬಳಕೆಯ ತಪ್ಪು ಹಿಡಿಯುವ ಸಾಧನ), ಡಿಎಂಎ ಡಿಬಗ್ ಮೂರೂ ಆನ್ ಇರಲಿ. ಲೈನ್ ಶೇರ್ಡ್ ಆಗಿದ್ದರೆ ಡಿಬಗ್_ಎಸ್‌ಎಚ್‌ಐಆರ್‌ಕ್ಯು ಸೇರಿಸಿ. ಅದು ಫ್ರೀ_ಐಆರ್‌ಕ್ಯು ಹೊತ್ತಿಗೆ ಹ್ಯಾಂಡ್ಲರನ್ನು ಇನ್ನೊಮ್ಮೆ ಕರೆಯುತ್ತದೆ, ಕ್ಲಾಕ್ ಮೊದಲೇ ಆಫ್ ಮಾಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಸಪ್ರೆಸ್_ಬೈಂಡ್_ಆಟ್ರ್ಸ್ ಹಾಕಿ ಅನ್‌ಬೈಂಡ್ ಫೈಲನ್ನೇ ಅಡಗಿಸುವ ಸಲಹೆ ಯಾರಾದರೂ ಕೊಟ್ಟಾರು. ನಿಮ್ಮ ಕ್ಲಾಕ್ ಅಥವಾ ರೆಗ್ಯುಲೇಟರ್ ಕೊಡುವ ಡ್ರೈವರ್ ಅನ್‌ಬೈಂಡ್ ಆದರೆ ಡಿವೈಸ್ ಲಿಂಕ್ (ಯಾವ ಡಿವೈಸ್ ಯಾವುದನ್ನು ಅವಲಂಬಿಸಿದೆ ಎಂಬ ಕರ್ನಲ್‌ನ ದಾಖಲೆ) ಮೂಲಕ ನಿಮ್ಮದೂ ಬಲವಂತವಾಗಿ ಅನ್‌ಬೈಂಡ್ ಆಗುತ್ತದೆ, ಆ ಫೈಲ್ ಇರಲಿ ಬಿಡಲಿ.