ಬೀದಿ ದೀಪ ನಿರ್ವಹಣೆ ಟೆಂಡರ್: ಉರಿಯದ ದೀಪಕ್ಕೆ ಬಿಲ್ ಹೋಗದಂತೆ ಷರತ್ತು ಹೇಗೆ ಬರೆಯುವುದು?

ವಾರ್ಡ್ ಸದಸ್ಯೆ, ಹಾಸನ ಜಿಲ್ಲೆ
ಪುರಸಭೆಯ 1,800 ಬೀದಿ ದೀಪಗಳ ವಾರ್ಷಿಕ ನಿರ್ವಹಣೆಗೆ ಹೊಸ ಟೆಂಡರ್ ಕರೆಯಬೇಕಿದೆ. ಹಳೆಯ ಕರಾರಿನಲ್ಲಿ ತಿಂಗಳಿಗೆ ಇಡಿಗಂಟು ಮೊತ್ತವಿತ್ತು. ಮಳೆಗಾಲದಲ್ಲಿ ಬೀದಿಗೆ ಬೀದಿಯೇ ಕತ್ತಲಾದರೂ ಬಿಲ್ ಪೂರ್ತಿ ಪಾಸಾಗುತ್ತಿತ್ತು. ಈ ಸಲ ಏನು ಬದಲಿಸಬೇಕು?

ಕಂಬದ ಲೆಕ್ಕ
ಮೇಡಂ, ಮೊದಲು ಎಣಿಕೆ ಮಾಡಿಸಿ. ಕಾಗದದಲ್ಲಿ 1,800 ಇದ್ದು ಬೀದಿಯಲ್ಲಿ 1,640 ಇದ್ದರೆ, ಇಲ್ಲದ ದೀಪಕ್ಕೆ ಮೊದಲ ದಿನದಿಂದಲೇ ಹಣ ಹೋಗುತ್ತದೆ. ಪ್ರತಿ ಕಂಬಕ್ಕೂ ನಂಬರ್ ಬರೆಸಿ. ದೀಪದ ವ್ಯಾಟ್, ವಾರಂಟಿ ಮುಗಿಯುವ ದಿನ ರಿಜಿಸ್ಟರಿಗೆ ಹತ್ತಲಿ. ವಾರಂಟಿಯೊಳಗೆ ಕೆಟ್ಟ ಎಲ್‌ಇಡಿಯನ್ನು ಸರಬರಾಜು ಮಾಡಿದವರೇ ಬದಲಿಸಬೇಕು. ರಿಜಿಸ್ಟರ್ ಇಲ್ಲದ ಕಡೆ ಅದಕ್ಕೂ ರಿಪೇರಿ ಬಿಲ್ ಬೀಳುತ್ತದೆ.

ದರವನ್ನು ಒಂದು ದೀಪಕ್ಕೆ ತಿಂಗಳಿಗೆ ಇಷ್ಟು ಎಂದು ಕೇಳಿ. ದೂರು ದಾಖಲಾಗಿ 48 ಗಂಟೆ ದಾಟಿದರೆ ಆ ದೀಪಕ್ಕೆ ದಿನದ ಲೆಕ್ಕದಲ್ಲಿ ಕಡಿತ. ಜೊತೆಗೆ ತಿಂಗಳಿಗೆರಡು ರಾತ್ರಿ, ಚೀಟಿ ಎತ್ತಿ ಆರಿಸಿದ 100 ಕಂಬ ನೋಡಿಸಿ. 91 ಉರಿಯುತ್ತಿದ್ದರೆ ಬಿಲ್ಲೂ ಶೇ 91.

ಲೈನ್ ಕ್ಲಿಯರ್
ಮೇಲಿನ ಉತ್ತರದಲ್ಲಿ ಹೇಳಿದ ಎರಡು ಕಡಿತ ಒಟ್ಟಿಗೆ ಬೇಡ. ಒಂದೇ ದೀಪಕ್ಕೆ ಎರಡು ಸಲ ದಂಡವಾಗಿ ತಕರಾರು ಬರುತ್ತದೆ. ದೂರಿನ ಕಡಿತ ಸಾಕು. ರಾತ್ರಿ ಕಂಡ ಆರಿದ ದೀಪವನ್ನೂ ದೂರೆಂದೇ ದಾಖಲಿಸಿ.

ಇನ್ನೊಂದು, ದಯವಿಟ್ಟು ಇದನ್ನು ಬಿಡಬೇಡಿ. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ಲೈನ್ ಕ್ಲಿಯರ್ (ಎಲ್‌ಸಿ: ಲೈನಿನ ಕರೆಂಟ್ ತೆಗೆದಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಸಿಗದೆ ಯಾರೂ ಕಂಬ ಹತ್ತಬಾರದು. ಎಲ್‌ಸಿ ಕೇಳಿದ ಹೊತ್ತು, ಸಿಕ್ಕ ಹೊತ್ತು ಎರಡನ್ನೂ ಲಾಗ್‌ಬುಕ್ಕಿನಲ್ಲಿ ಬರೆಸಿ, ನಡುವಿನ ಅವಧಿಯನ್ನು 48 ಗಂಟೆಯಲ್ಲಿ ಎಣಿಸಬೇಡಿ. ಇಲ್ಲದಿದ್ದರೆ ದಂಡಕ್ಕೆ ಹೆದರಿ ಹುಡುಗರನ್ನು ಕರೆಂಟ್ ಇರುವ ಲೈನಿಗೇ ಹತ್ತಿಸುತ್ತಾರೆ.

ಸಿಡಿಲು, ವೋಲ್ಟೇಜ್ ಏರಿಳಿತಕ್ಕೆ ಸಾಮಾನ್ಯವಾಗಿ ಮೊದಲು ಸುಡುವುದು ಡ್ರೈವರ್, ಅಂದರೆ ಎಲ್‌ಇಡಿಗೆ ಹದವಾದ ಕರೆಂಟ್ ಕೊಡುವ ಭಾಗ. ಗ್ಯಾಸ್ಕೆಟ್ ಸವೆದಿದ್ದರೆ ನೀರೂ ಇಳಿಯುತ್ತದೆ. ಶೇ 5, ಅಂದರೆ 90 ಡ್ರೈವರ್, ಅಷ್ಟೇ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದಾಗ ದೀಪ ಕಾಯುವ ಸಾಧನ) ಮೇ ಮುಗಿಯುವುದರೊಳಗೆ ಗುತ್ತಿಗೆದಾರರ ಸ್ಟೋರಿನಲ್ಲಿರಬೇಕೆಂದು ಕರಾರಿನಲ್ಲೇ ಬರೆಸಿ. ಸಾಮಗ್ರಿ ಪುರಸಭೆಯದು, ಕೂಲಿ ಮಾತ್ರ ಅವರದು ಎಂದಾದರೆ ‘ಸ್ಟಾಕ್ ಬಂದಿಲ್ಲ’ ಎಂಬ ಒಂದು ಮಾತಿಗೆ ಕಡಿತವೆಲ್ಲ ಬಿದ್ದುಹೋಗುತ್ತದೆ.

ಲೆಕ್ಕಪತ್ರ
ಅಂದಾಜು ಪಟ್ಟಿಯನ್ನೂ ನೋಡಿ. ಲೆಕ್ಕಕ್ಕೆ ಒಬ್ಬರ ಸಂಬಳ 15,000 ರೂ. ಎಂದಿಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ ಆಡಳಿತ ಶುಲ್ಕ, ವಿಮೆ ಸೇರಿ ಶೇ 13, ಅಂದರೆ 1,950. ಇಎಸ್‌ಐ ಶೇ 3.25, ಅಂದರೆ 488. ನಾಲ್ವರಿಗೆ 69,752 ರೂ. ದೀಪಕ್ಕೆ 40 ರೂ. ದರ ಹಾಕಿದವರಿಗೆ ತಿಂಗಳಿಗೆ ಬರುವುದು 72,000. ಉಳಿದ 2,248ರಲ್ಲಿ ಏಣಿ ಗಾಡಿ, ಡೀಸೆಲ್, ಎಲ್‌ಇಡಿ ಡ್ರೈವರ್ ಯಾವುದೂ ಆಗದು. ಅಂಥವರು ಕಡಿಯುವುದು ಕಾರ್ಮಿಕರ ಪಿಎಫ್‌ನಲ್ಲೇ. ಇಷ್ಟು ಕಡಿಮೆ ದರ ಬಂದರೆ ಯಾವುದಕ್ಕೆ ಎಷ್ಟು ಖರ್ಚು ಎಂದು ತೋರಿಸುವ ದರ ವಿಶ್ಲೇಷಣೆ ಕೇಳಿ ಪಡೆಯಿರಿ.

ಸಾಮಗ್ರಿಯ ಪಾಲು ಒಟ್ಟು ಮೊತ್ತದ ಶೇ 25 ದಾಟದಿದ್ದರೆ ಈ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ದಾಟಿದರೆ ಪೂರ್ತಿ ಬಿಲ್ಲಿಗೆ ತೆರಿಗೆ. ಟೆಂಡರ್ ತಪ್ಪಿಸಲು ವರ್ಷದ ಕೆಲಸವನ್ನು ತುಂಡು ಗುತ್ತಿಗೆಯಾಗಿ ಒಡೆಯಲು ಒಪ್ಪಬೇಡಿ, ಸರ್ಕಾರಿ ಖರೀದಿ, ಟೆಂಡರ್ ಕುರಿತ 1999ರ ಪಾರದರ್ಶಕತೆ ಕಾಯ್ದೆಗೆ ಅದು ವಿರುದ್ಧ. ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಕಾರ್ಮಿಕರ ಹೆಸರಿನ ಪಟ್ಟಿಯೊಂದಿಗೆ ಬಾರದೆ ಬಿಲ್ ಮೇಲೆ ಸಹಿ ಬೀಳದಿರಲಿ. ಒಟ್ಟು ಮೊತ್ತದ ಚಲನ್ ಒಂದನ್ನೇ ತಂದರೆ ಅದು ಬೇರೆ ಊರಿನ ಕಾರ್ಮಿಕರದ್ದೂ ಆಗಿರಬಹುದು.