ಮಲೆನಾಡಿಗೆ ಇಳಿಜಾರು ಸೂರು, ವಿಜಯಪುರಕ್ಕೆ ಮಣ್ಣಿನ ಮಾಳಿಗೆ: ಯಾಕೆ?

ಪ್ರಶ್ನೆ: ತೀರ್ಥಹಳ್ಳಿ ಕಡೆ ಹಳೇ ಮನೆಗಳಿಗೆ ಇಳಿಜಾರು ಹೆಂಚಿನ ಸೂರು, ವಿಜಯಪುರದ ಹಳ್ಳಿಗಳಲ್ಲಿ ಚಪ್ಪಟೆ ಮಾಳಿಗೆ. ಮಳೆ ಒಂದೇ ಕಾರಣನಾ?

ಉತ್ತರ 1: ಮಳೆಯೇ ದೊಡ್ಡ ಕಾರಣ. ನೀರು ನಿಂತರೆ ಸೋರುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ, 1430ರಲ್ಲಿ ಕಟ್ಟಿದ್ದು, ಅದಕ್ಕೂ ಇಳಿಜಾರು ಮಾಡು.

ಉತ್ತರ 2: ನಮ್ಮದು ವಿಜಯಪುರ ಕಡೆ. ಅಜ್ಜನ ಮನೆ ಗೋಡೆ ಎರಡು ಅಡಿಗಿಂತ ದಪ್ಪ. ಮೇ ತಿಂಗಳ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗದಿದ್ದರೂ ಪಡಸಾಲೆಯಲ್ಲಿ ಚಾಪೆ ಹಾಸಿ ಆರಾಮಾಗಿ ಮಲಗುತ್ತಿದ್ದೆವು, ಬೆಳಕಿಂಡಿಯಿಂದ ಬಿದ್ದ ಬಿಸಿಲುಕೋಲು ನೆಲದ ಮೇಲೆ ಮೆಲ್ಲಗೆ ಸರಿಯುತ್ತಿತ್ತು. ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗುತ್ತಿತ್ತು. ಇಳಿಜಾರು ಸೂರಿನ ಮೇಲೆ ಅದು ಆಗುತ್ತಾ ಹೇಳಿ.

ಉತ್ತರ 3: ಮಲೆನಾಡಿನಲ್ಲಿ ಆ ಕೆಲಸಕ್ಕೆ ಅಂಗಳ ಇದೆ, ಅಡಿಕೆ ಒಣಗೋದು ಅಲ್ಲೇ ಅಲ್ವಾ. ಬೆಳೆಯೂ ಮನೆಯ ಆಕಾರ ನಿರ್ಧರಿಸುತ್ತದೆ.